ಬಾಜೂ ಸೀಟಿನ ಕೌದಿ

ಅಂಬರೀಶ,

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಉಂಡು ಮಲಗು. ನಸುಕಿಗೇ ಅರಕೇರಾಕ್ಕೆ ಹತ್ತಿ ಬಿಡಿಸಲು ಹೋಗುತ್ತೇನೆ, ನಿನ್ನನ್ನು ಎಬ್ಬಿಸುವುದಿಲ್ಲ.

ಸಂಜೆ ಮಾನ್ವಿಯವನೊಬ್ಬ ಬಂದಿದ್ದ. "ಯವ್ವಾ, ಸೀಟಿನ ಕೌದಿ ನೋಡೇ ಲಾರಿ ತಗೊಂಡೀನಿ" ಅಂದ. ನೀನು ಲಾರಿ ಮಾರಿದ್ದು ನನಗೆ ಅವನಿಂದ ತಿಳಿಯಬೇಕಾಯಿತೇನೋ?

"ಸೀಟಿಗೆ ರೆಕ್ಸಿನ್ ತುಟ್ಟಿ ಅದಬೇ. ನಿನ್ನ ಹಳೇ ಸೀರಿ ಕೊಡು, ಲಾರಿ ಒಳಗೆಲ್ಲಾ ನಾವ ಚಂದ ಮಾಡೂಣು. ಮೊದಲ ಟ್ರಿಪ್ಪಿಗೆ ನಿನ್ನ ಬಾಜೂಕ ಕುಂದ್ರಿಸ್ಕೊಂಡು ಹೋಗ್ತೀನಿ" ಅಂದವ ನೀನು. ಕೂಲಿಯಿಂದ ಬಂದು ದಿನಾ ಸೀರೆ ಪದರು ಪದರು ಮಾಡಿ ಎರಡೂ ಸೀಟಿಗೆ ಕೌದಿ ಹೊಲಿದೆ. ಕೌದಿ ಹಸಿದಿರಬಾರದೆಂದು ಎರಡರ ಪದರಿನೊಳಗೂ ರೊಟ್ಟಿ ಚೂರಿಟ್ಟೆ. ನೀನು ಪಕ್ಕದಲ್ಲೇ ಕೂತಿದ್ದೆ, ಆಗಲೂ ಮಾರುವ ಮಾತೆತ್ತಲಿಲ್ಲ.

ಹೇಳಿದ್ದರೆ ಮಾರುವುದಕ್ಕೂ ಹೊಲಿದು ಕೊಡುತ್ತಿದ್ದೆ.

ನಿನ್ನ ಸೀಟಿನದು ಹಾಗೇ ಬಿಟ್ಟಿದ್ದೇನೆ. ಬಾಜೂ ಸೀಟಿನದು ಬಿಚ್ಚಿಕೊಂಡಿದ್ದೇನೆ. ನಾಳೆ ಅವ ಲಾರಿ ಒಯ್ಯಲು ಬಂದು ಕೇಳಿದರೆ, ಅಲ್ಲಿ ಯಾರು ಕೂರಬೇಕಿತ್ತೆಂದು ನೀನೇ ಹೇಳು.

ಅವ್ವ