ಎಲಿ ತೆಗೀಬ್ಯಾಡ

ಗುರುವಾರ, ೯ ನವೆಂಬರ್ ೨೦೦೬

ಸೋಮವಾರದಿಂದ ಅದೇ ಪೀಡೆ. ತೂಕದ ಯಂತ್ರದ ಕೇಬಲ್ ಕಿತ್ತರೆ ಸಾಕು, ಇಡೀ ಕಂಪ್ಯೂಟರ್ ಸ್ತಬ್ಧ. ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸಲು ನಾನು ಬರೆದ ಡ್ರೈವರ್ ಪ್ರೋಗ್ರಾಮಿನದೇ ತಪ್ಪೆಂದು ಗೊತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನ ನವನಗರದಲ್ಲಿ ಗುರುಶಿದ್ದಪ್ಪ ಕಾಕಾನ ಹೊಸ ಮನೆಯ ವಾಸ್ತುಶಾಂತಿ. ಪಂಕ್ತಿಯಲ್ಲಿ ಅರ್ಧ ಹೋಳಿಗೆ ತಿಂದಿದ್ದೆ, ಆಫೀಸಿನಿಂದ ಫೋನು. ಎದ್ದು ಹೊರಗೆ ಹೋದೆ. ಮಾತಾಡುತ್ತಲೇ ವಾಪಸು ಬಂದು, ನನ್ನ ಜಾಗದಲ್ಲಿ ಕೂತು, ಹೋಳಿಗೆ ಮುರಿದು ಬಾಯಿಗಿಟ್ಟೆ. ಊಟಕ್ಕೆ ಕೂರಲೆಂದು ಕೈ ತೊಳೆದು ಬಂದ ಕಾಕಾನ ಬೀಗರು ಎದುರಿಗೇ ನಿಂತಿದ್ದರು.

"ತಮ್ಮಾ, ಅದು ನನ್ನ ಎಲಿ ಐತ್ರಿ."

ನಾನು ಎದ್ದದ್ದೇ ಊಟ ಮುಗಿಯಿತೆಂದುಕೊಂಡು, ಬಡಿಸುವ ಹುಲಗೇಶ ನನ್ನ ಎಲೆ ತೆಗೆದು ಅವರಿಗೆ ಹೊಸದು ಹಾಕಿದ್ದ. ನಾಚಿಕೆಯ ನಡುವೆಯೇ ಹೊಳೆಯಿತು: ನನ್ನ ಡ್ರೈವರೂ ಹುಲಗೇಶನೇ! ಕೇಬಲ್ ಕಿತ್ತ ಕೂಡಲೇ ಯಂತ್ರಕ್ಕೆಂದು ಕಂಪ್ಯೂಟರಿನಲ್ಲಿ ಇಟ್ಟ ಮೆಮೊರಿಯನ್ನು ತೆಗೆದುಬಿಡುತ್ತದೆ. ತೂಕ ಓದಿಕೊಳ್ಳುವ ಬಿಲ್ಲಿನ ಪ್ರೋಗ್ರಾಮು ಇನ್ನೂ ಅಲ್ಲೇ ಕೈ ಹಾಕುತ್ತಿರುತ್ತದೆ. ಎಷ್ಟು ಮಂದಿ ಉಣ್ಣುತ್ತಿದ್ದಾರೆಂದು ಎಣಿಸಿ, ಕೊನೆಯವರು ಬಿಟ್ಟ ಮೇಲಷ್ಟೇ ತೆಗೆಯಬೇಕು.

ಹುಲಗೇಶ ನನಗೂ ಹೊಸ ಎಲೆ ಹಾಕಿದ. "ಈಗ ಬಂದೆ. ನಾ ಹೇಳೂತನಕಾ ಇದನ್ನ ತೆಗೀಬ್ಯಾಡ" ಎಂದು ವಿದ್ಯಾನಗರದ ಆಫೀಸಿಗೆ ಓಡಿದೆ. ಡ್ರೈವರಿನಲ್ಲಿ ಆ ಎಣಿಕೆ ಬರೆದೆ. ಈಗ ಎಷ್ಟು ಸಲ ಕೇಬಲ್ ಕಿತ್ತರೂ ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಮೆಮೊರಿ ಖಾಲಿಯಾಗುತ್ತಲೇ ಇಲ್ಲ, ತುಂಬುತ್ತಾ ಹೋಗುತ್ತಿದೆ. ಯಾಕೋ ತಿಳಿಯದೆ ಹಾಗೇ ಮನೆಗೆ ಬಂದೆ.

ಈಗಷ್ಟೇ ಕಾಕಾನ ಫೋನು. "ನಡುಮನ್ಯಾಗ ನಿನ್ನ ಎಲಿ ಇನ್ನೂ ಹಂಗ ಐತಿ. ಹುಲಗೇಶ ತೆಗ್ಯಾಕ ಒಲ್ಲೆ ಅಂತಾನ. ತೆಗಿ ಅಂತ ನೀನ ಹೇಳಪಾ, ಹಾಸಿಗಿ ಹಾಸಬೇಕು."

ತೆಗಿ ಎಂದು ಹೇಳುವುದನ್ನೇ ಮರೆತಿದ್ದೆ. ಡ್ರೈವರಿಗೂ.