ಅವನು ಬೇಡವೆಂದ ಅಧ್ಯಾಯ

ಮಂಗಳವಾರ, ತಾರೀಖು ಹನ್ನೆರಡು.

ಹೊಸ ಪುಸ್ತಕಗಳ ಸುದ್ದಿ ಹೇಳುವ ಸಭೆಯಲ್ಲಿ ಸಂಪಾದಕ ಬೀಗಿದ್ದೇ ಬೀಗಿದ್ದು. ನನ್ನವಳ ಕಾದಂಬರಿ ಧಾರಾವಾಹಿ ಆಗುತ್ತದಂತೆ, ಮುಖಪುಟಕ್ಕೆ ನಟಿಯ ಫೋಟೊ ಅಂತೆ. ಆಮೇಲೆ ನಾನು ಕರಡು ತಿದ್ದುತ್ತಿದ್ದ ಮೇಜಿಗೇ ಬಂದ.

"ಯಜಮಾನ್ರೇ, ನಿಮ್ಮನೆಯವರು ಇನ್ನೊಂದು ಅಧ್ಯಾಯ ಬರೆದಿದ್ರಲ್ಲ? ಟೀವಿಯವರಿಗೆ ಕಥೆ ಸಾಲ್ತಿಲ್ವಂತೆ."

ಅದರ ಮೇಲೆ ಕೆಂಪು ಶಾಯಿಯಲ್ಲಿ 'ಸೂಪರ್‌ಫ್ಲುಯಸ್' ಎಂದು ಗೀಚಿ ವಾಪಸ್ ಕಳಿಸಿದವನು ಇವನೇ. ಕಾಲೇಜಿನಲ್ಲಿ ಓದಿದ್ದ ಪದ, ನನಗೆ ಅರ್ಥ ಮರೆತಿತ್ತು. ಅವಳೇ ಡಿಕ್ಷನರಿ ನೋಡಿ, "ಬೇಡದ್ದು ಅಂತ ಕಣ್ರೀ" ಎಂದು ನಕ್ಕಳು. ಸಾಯುವವರೆಗೂ ಮತ್ತೆ ಒಂದು ಸಾಲು ಬರೆಯಲಿಲ್ಲ.

"ಬೇಡದ್ದನ್ನ ಯಾರು ಇಟ್ಕೋತಾರೆ ಸಾರ್, ರದ್ದಿಗೆ ಹಾಕಿದೆ" ಅಂದೆ. ಅವನ ಮುಖ ಹುಳ್ಳಗಾದದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಈಗ ಅದನ್ನೇ ಬೀರುವಿನಿಂದ ತೆಗೆದು ಓದಿದೆ. ಅವನಿಗೆ ಕೊಡುವುದಿಲ್ಲ, ನೆವರ್. ಆದರೆ ಅವಳು ಇದನ್ನು ನನಗೊಬ್ಬನಿಗೇ ಅಂತ ಬರೆದಿರಲಿಲ್ಲ. ಇರಲಿ, ಅವನು ಇನ್ನೊಂದು ವಾರ ಒದ್ದಾಡಲಿ, ಆಮೇಲೆ ನೋಡೋಣ.