ಹತ್ತರಲ್ಲಿ ನಾಲ್ಕು

ನವೆಂಬರ್ ೩, ಭಾನುವಾರ

ನನ್ನ ಮುದ್ದಿನ ಪ್ರಶ್ನೆಪತ್ರಿಕೆಗೆ ಅತ್ತೆಯ ಪ್ರೀತಿ,

ನಿನ್ನ ಕಾಗದದಲ್ಲಿ ಹದಿನೇಳು ಪ್ರಶ್ನೆಗಳಿದ್ದವು, ಎಣಿಸಿದೆ. ಎಲ್ಲದರ ಸಾರ ಒಂದೇ: ನೀನು ಆರಿಸಿಕೊಂಡ ಮೂರು ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಸೀಟು ಸಿಗುತ್ತದೋ ಇಲ್ಲವೋ. ಅಂಥದೇ ಒಂದು ಕಾಲೇಜಿನ ಪ್ರವೇಶ ಕಚೇರಿಯಲ್ಲಿ ಹನ್ನೊಂದು ವರ್ಷ ಕೂತು ಅರ್ಜಿ ಓದಿದವಳು ನಾನು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ, ಅದು ನಿನಗೂ ಗೊತ್ತು.

ಕೆರೆದಂಡೆಯ ಕಾಲೇಜು ನಿನ್ನನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತದೆ. ಗಡಿಯಾರ ಗೋಪುರದ ಕಾಲೇಜಿನಲ್ಲಿ ಸೀಟು ಸಿಗುವ ಸಾಧ್ಯತೆ, ಹತ್ತರಲ್ಲಿ ಆರು. ನಿನ್ನ ಗಣಿತದ ಅಂಕ ನೋಡಿ ಅವರು ಸ್ವಲ್ಪ ಮೂಗು ಮುರಿಯಬಹುದು, ಆದರೆ ಇತಿಹಾಸದ ಮೇಷ್ಟ್ರು ಬರೆದ ಶಿಫಾರಸು ಪತ್ರ ಅದನ್ನು ಸರಿದೂಗಿಸುತ್ತದೆ. ಉಳಿದದ್ದು ನೀನು ಹಗಲೂ ರಾತ್ರಿ ಜಪ ಮಾಡುತ್ತಿರುವ ಗುಡ್ಡದ ಮೇಲಿನ ಕಾಲೇಜು. ಸಸ್ಯಶಾಸ್ತ್ರವನ್ನೂ ತತ್ವಶಾಸ್ತ್ರವನ್ನೂ ಒಟ್ಟಿಗೆ ಓದಬಹುದಾದದ್ದು ಅಲ್ಲಿ ಮಾತ್ರ, ನಿಜ. ಆದರೆ ನೂರು ಅರ್ಜಿ ಬಂದರೆ ಅವರು ಎಂಟು ಜನರನ್ನು ಕರೆಯುತ್ತಾರೆ. ಅರ್ಜಿಯ ಕರಡಿನ ಜೊತೆ ನೀನು ನನಗೆ ಓದಲು ಕಳಿಸಿರುವ ಪ್ರಬಂಧ ಇಟ್ಟುಕೊಂಡು ಹೋದರೆ ಹತ್ತರಲ್ಲಿ ಒಂದೂ ಕಷ್ಟ.

ಮುಖ ಊದಿಸಿಕೊಳ್ಳಬೇಡ. ‘ನಾಯಕತ್ವ ನನಗೆ ಕಲಿಸಿದ್ದೇನು’ ಎಂಬ ಪ್ರಬಂಧವನ್ನು ನಾನು ಆ ಕುರ್ಚಿಯಲ್ಲಿ ಕೂತು ಸಾವಿರ ಸಲ ಓದಿದ್ದೇನೆ. ಚರ್ಚಾಕೂಟದ ಅಧ್ಯಕ್ಷೆಯಾಗಿ ನೀನು ಲೋಕೋದ್ಧಾರ ಮಾಡಿದ ಕಥೆ ಓದುವಾಗ ನನಗೇ ಆಕಳಿಕೆ ಬಂತು, ಇನ್ನು ಅವರ ಗತಿ ಏನು! ಅದಕ್ಕಿಂತ ನೋವಾದದ್ದು ಅರ್ಜಿಯ ಎರಡನೇ ಪುಟ ನೋಡಿ. ತಂದೆಯ ಉದ್ಯೋಗ ಎಂಬಲ್ಲಿ ‘ವ್ಯಾಪಾರ’ ಎಂದು ಬರೆದಿದ್ದೀಯ. ಮೂವತ್ತು ವರ್ಷದಿಂದ ಲಾಂಡ್ರಿ ನಡೆಸುತ್ತಿರುವ ನನ್ನ ಅಣ್ಣ ಯಾವಾಗ ವ್ಯಾಪಾರಿಯಾದ?

ಈಗ ಇದರ ಜೊತೆಗಿಟ್ಟಿರುವ ಎರಡು ಹಾಳೆ ನೋಡು. ಹೌದು, ನೀನೇ ಬರೆದು ಬೇಡವೆಂದು ಬಿಟ್ಟದ್ದು. ನನ್ನ ಕೈಗೆ ಹೇಗೆ ಬಂತು ಎಂಬ ಹದಿನೆಂಟನೇ ಪ್ರಶ್ನೆ ಕೇಳಬೇಡ. ಶನಿವಾರಗಳಲ್ಲಿ ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆಯ ಜೇಬು ತಡಕುವ ಕೆಲಸದ ಬಗ್ಗೆ ಬರೆದಿದ್ದೀಯ. ಬಸ್ ಟಿಕೆಟ್ಟು, ಒಣಗಿದ ಎಲೆ, ಯಾವುದೋ ಮಗುವಿನ ಹಾಲುಹಲ್ಲು. ಎಲ್ಲವನ್ನೂ ಸಣ್ಣ ಕವರಿಗೆ ಹಾಕಿ ಬಟ್ಟೆಯ ನಂಬರ್ ಬರೆದಿಡುವ ಅಪ್ಪ, ಮಡಚಿದ ಕಾಗದ ಸಿಕ್ಕರೆ ಮಾತ್ರ ಯಾವತ್ತೂ ಬಿಚ್ಚಿ ನೋಡದ ಅಪ್ಪ. ನೀನೊಮ್ಮೆ ಬಿಚ್ಚಲು ಹೋದಾಗ “ಅವರು ಬಟ್ಟೆ ಕೊಟ್ಟಿದ್ದಾರೆ ಕಣಮ್ಮ, ಗುಟ್ಟು ಕೊಟ್ಟಿಲ್ಲ” ಅಂದನಂತೆ. ಇನ್ನೊಬ್ಬರ ಗುಟ್ಟು ತಿಳಿಯುವ ಹಕ್ಕು ನಮಗೆಷ್ಟಿದೆ ಎಂದು ಅಲ್ಲಿಂದ ಮುಂದೆ ಕೇಳುತ್ತಾ ಹೋಗಿದ್ದೀಯಲ್ಲ, ತತ್ವಶಾಸ್ತ್ರ ಓದಲು ಹೊರಟವಳಿಗೆ ಇನ್ನೇನು ಬೇಕು? ಓದಿ ನನ್ನ ಕಣ್ಣು ತುಂಬಿಬಂತು.

ಇದನ್ನು ಕಳಿಸಿದರೆ ಹತ್ತರಲ್ಲಿ ನಾಲ್ಕು. ಗುಡ್ಡದ ಕಾಲೇಜಿನ ಬಗ್ಗೆ ನಾನು ಇದುವರೆಗೆ ಯಾರಿಗೂ ಇಷ್ಟು ಧೈರ್ಯವಾಗಿ ಹೇಳಿದವಳಲ್ಲ. ಒಂದೇ ಒಂದು ತಿದ್ದುಪಡಿ: ಉಣ್ಣೆ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಇಡುವುದಿಲ್ಲ, ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಡಬೇಕು. ಎರಡನೇ ಹಾಳೆಯಲ್ಲಿದೆ, ಸರಿಮಾಡು.

ಅಪ್ಪ ‘ಅಷ್ಟು ದೂರ ಯಾಕೆ’ ಎನ್ನುತ್ತಾರೆ, ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಬರೆದಿದ್ದೀಯ. ಕಳೆದ ಸೋಮವಾರ ಅಂಗಡಿಗೆ ಬೀಗ ಹಾಕಿ ದಿನವಿಡೀ ನಾಪತ್ತೆಯಾಗಿದ್ದರು, ಕೇಳಿದರೆ ಯಂತ್ರದ ಬಿಡಿಭಾಗ ತರಲು ಹೋಗಿದ್ದೆ ಅಂದರು ಎಂದೂ ದೂರಿದ್ದೀಯ. ಅವನ ವಿಷಯ ನನಗೆ ಬಿಡು. ನೀನು ಎರಡನೇ ಪುಟದಲ್ಲಿ ಅಪ್ಪನ ಉದ್ಯೋಗ ತಿದ್ದಿ, ಹದಿನೈದನೇ ತಾರೀಕಿನೊಳಗೆ ಅರ್ಜಿ ಕಳಿಸು.

ನಿನ್ನ ಮೇಲೆ ನಿನಗಿಂತ ಹೆಚ್ಚು ಭರವಸೆ ಇಟ್ಟಿರುವ,
ಅತ್ತೆ

ತಾ.ಕ.: ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆದರೆ ಬಾಯಿ ತಡೆಯುತ್ತಿಲ್ಲ. ಆ ಹಾಳೆಗಳನ್ನು ಉಂಡೆ ಮಾಡಿ ಸ್ಕೂಲ್ ಕೋಟಿನ ಜೇಬಿಗೆ ತುರುಕಿ, ಕೋಟನ್ನು ಹಾಗೇ ಒಗೆಯಲು ಹಾಕಿದ್ದೆಯಲ್ಲ? ಈಗ ಮುಟ್ಟಿ ನೋಡು, ಒಂದು ಸುಕ್ಕಾದರೂ ಇದೆಯಾ? ಸೋಮವಾರ ಎರಡು ಬಸ್ ಬದಲಿಸಿ ನನ್ನ ಮನೆಗೆ ಬಂದ ನಿನ್ನ ಅಪ್ಪ, ಅವನ್ನು ಇಸ್ತ್ರಿ ಮಾಡಿದ ಅಂಗಿಯೊಳಗಿಟ್ಟು ತಂದಿದ್ದ. “ಉಣ್ಣೆ ವಿಷಯದಲ್ಲಿ ಒಂದು ತಪ್ಪಿದೆ, ಬಾಕಿ ಎಲ್ಲ ಸರಿಯಾಗೇ ಬರೆದಿದ್ದಾಳೆ. ಇದನ್ನೇ ಕಳಿಸೋಕೆ ಹೇಳು” ಅಂದ. ಜೇಬಿನ ಕಾಗದ ಬಿಚ್ಚಬಾರದು ಅನ್ನುವವನು ನೀನೇ ಅಲ್ಲವಾ ಎಂದು ಛೇಡಿಸಿದೆ. ತಲೆ ತಗ್ಗಿಸಿ, “ಮಡಚಿರಲಿಲ್ಲ ಕಣೇ, ಮುದುರಿತ್ತು. ಮುದುರಿದ್ದನ್ನ ಸರಿ ಮಾಡೋದೇ ತಾನೇ ನನ್ನ ಕೆಲಸ?” ಅಂದ.